ಅರಳುಮರುಳೆಂದು ಕೈತೊಳೆದುಕೊಳ್ಳುವವರಿಗೆ

‘ಅರವತ್ತಕ್ಕೆ ಅರಳುಮರುಳು’ ಎಂಬುದು ನಮ್ಮಲ್ಲಿ ಗಾದೆ. ಗಾದೆಯಾದದ್ದರಿಂದಲೇ ಅದು ಯಾರಿಗೂ ಕಾಯಿಲೆಯಾಗಿ ಕಾಣುವುದಿಲ್ಲ. ವೈದ್ಯರು ಡಿಮೆನ್ಶಿಯ ಎಂದು ಕರೆಯುವ ಈ ಮರೆವು ವಯಸ್ಸಿನ ಸಹಜ ಫಲವಲ್ಲ, ಮಿದುಳಿನ ರೋಗ. ಅಲ್ಜೈಮರ್ ಅದರ ಅತಿ ಸಾಮಾನ್ಯ ಕಾರಣ. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಮದ್ದಿಲ್ಲದ ಕಡೆ ಉಳಿಯುವುದು ಆರೈಕೆ. ಆರೈಕೆಗೆ ಬೇಕಾದದ್ದು ಹೊತ್ತು.

ಆ ಹೊತ್ತು ಎಲ್ಲಿಂದ ಬರಬೇಕು? ವೇದಿಕೆಯಲ್ಲಿ ‘ಮಾತೃದೇವೋ ಭವ’ ಎಂದು ಗುಡುಗುವವರು ಇದಕ್ಕೆ ಉತ್ತರಿಸುವುದಿಲ್ಲ. ಕೂಡುಕುಟುಂಬದಲ್ಲಿ ಎಲ್ಲವೂ ಸಲೀಸಾಗಿತ್ತು, ಈಗಿನ ಮಕ್ಕಳಿಗೆ ಮಮತೆಯಿಲ್ಲ ಎಂದು ತೀರ್ಪು ಕೊಟ್ಟು ಕೆಳಗಿಳಿಯುತ್ತಾರೆ. ಅಂದು ರಾತ್ರಿ ಎದ್ದು ಕೂರುತ್ತಿದ್ದವಳು ಸೊಸೆ. ಅವಳ ದುಡಿಮೆಗೆ ಲೆಕ್ಕವಿರಲಿಲ್ಲ, ಅಷ್ಟೆ. ಇಂದಿನ ಸೊಸೆ ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಹತ್ತು ಗಂಟೆಗೆ ಬ್ಯಾಂಕಿನ ಕೌಂಟರಿನಲ್ಲಿರಬೇಕು. ತನ್ನ ಮನೆಯಲ್ಲೇ ಕುಳಿತು ‘ನನ್ನನ್ನು ಮನೆಗೆ ಕರೆದುಕೊಂಡು ಹೋಗು’ ಎಂದು ಅಳುವ ಅತ್ತೆಗೆ ರಾತ್ರಿಯಿಡೀ ಸಮಾಧಾನವನ್ನೂ ಹೇಳಬೇಕು.

ಕಾನೂನು ಏನು ಮಾಡಿತು? ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದೆಂದು 2007ರ ಕಾಯಿದೆ ಹೇಳಿತು. ಒಳ್ಳೆಯದೇ. ಆದರೆ ತೊರೆಯದೆ ನೋಡಿಕೊಳ್ಳುವವರಿಗೆ ಅದು ಒಂದು ದಿನದ ರಜೆಯನ್ನೂ ಕೊಡಲಿಲ್ಲ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೇರಿತು. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯುಂಟು. ತೊಟ್ಟಿಲಿಗೆ ಸಿಕ್ಕ ನ್ಯಾಯ ಮುದುಕರ ಹಾಸಿಗೆಗೆ ಏಕಿಲ್ಲ?

ಗಡಿನಾಡಿನಲ್ಲಿ ಇನ್ನೊಂದು ಸಂಕಟ. ಈ ರೋಗದಲ್ಲಿ ಅನೇಕರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಬಾಲ್ಯದ ಭಾಷೆ ಹೆಚ್ಚು ಕಾಲ ಉಳಿಯುತ್ತದೆ. ಕನ್ನಡವೋ ತುಳುವೋ ಮಾತ್ರ ಉಳಿದ ಅಜ್ಜಿಯೊಡನೆ ಮಲಯಾಳದಲ್ಲಿ ‘ಇಂದು ಯಾವ ವಾರ?’ ಎಂದು ಕೇಳಿದರೆ, ಆಕೆ ಸುಮ್ಮನಿರುವುದು ಮರೆವಿನಿಂದಲೋ ಮಾತು ತಿಳಿಯದೆಯೋ? ಕಾಸರಗೋಡಿನ ಕನ್ನಡಿಗರಿಗೆ ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕಿದೆ. ಅರ್ಜಿ ಬರೆಯಲಾಗದವರ ಗತಿಯೇನು?

ಮಲಯಾಳಿ ಓದುಗರು ಇದನ್ನು ಭಾಷಾಜಗಳವೆಂದು ತಿಳಿಯಬಾರದು. ಮಗನೊಂದಿಗೆ ಬೆಂಗಳೂರಿನಲ್ಲಿರುವ ಮಲಯಾಳಿ ತಾಯಿಯ ಪಾಡೂ ಇದೇ.

ನಾವು ಕೇಳುವುದು ಹೆಚ್ಚೇನಲ್ಲ. ಹೆತ್ತವರ ಆರೈಕೆಗೆ ಸಂಬಳಸಹಿತ ರಜೆ. ಪಂಚಾಯತಿಗೊಂದು ಹಗಲು ಆರೈಕೆಯ ಕೇಂದ್ರ. 2008ರಲ್ಲೇ ಪಾಲಿಯೇಟಿವ್ ನೀತಿ ತಂದ ಕೇರಳದಲ್ಲಿ, ನಮ್ಮ ಮನೆಗಳಿಗೆ ಬರುವ ತಂಡದೊಳಗೆ ಕನ್ನಡ, ತುಳು ಬಲ್ಲ ಒಬ್ಬರು. ಇಷ್ಟು ಮಾಡಿದ ಮೇಲೆ ಬೇಕಾದಷ್ಟು ಉಪದೇಶ ಮಾಡಿ. ಕೇಳಲು ನಮಗೂ ಹೊತ್ತಿರುತ್ತದೆ.