ಸೆರೆಯ ಬಸಿರಿ ಮತ್ತು ತಾಯಿ ಕಾರ್ಡು

ಜೈನ ಹರಿವಂಶದ ಕಥೆಯಲ್ಲಿ ಕಂಸನು ವಸುದೇವನಿಂದ ಪಡೆಯುವ ವರ ವಿಲಕ್ಷಣವಾದುದು: ದೇವಕಿಯ ಹೆರಿಗೆಗಳೆಲ್ಲ ತನ್ನ ಮನೆಯಲ್ಲಿಯೇ ಆಗತಕ್ಕದ್ದು. ಮೇಲುನೋಟಕ್ಕೆ ಅದು ಅಣ್ಣನು ತಂಗಿಗೆ ಮಾಡುವ ತವರಿನ ಉಪಚಾರ; ಒಳಗೆ ಶುದ್ಧ ಕಾವಲು. ಉಪಚಾರವೂ ಕಾವಲೂ ಒಂದೇ ಕೈಯಲ್ಲಿದ್ದರೆ ಬಸಿರಿಯ ಗತಿಯೇನೆಂಬ ಈ ಹಳೆಯ ಪ್ರಶ್ನೆ 2020ರ ಕೋವಿಡ್ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ಆ ಏಪ್ರಿಲ್ 10ರಂದು ದೆಹಲಿಯಲ್ಲಿ ಬಂಧಿತರಾದ ಸಫೂರಾ ಜರ್ಗರ್ ಗರ್ಭಿಣಿ. ಜೂನ್ 4ರಂದು ಕೆಳ ನ್ಯಾಯಾಲಯ ಜಾಮೀನು ನಿರಾಕರಿಸಿತು. ದೆಹಲಿಯ ಸೆರೆಮನೆಗಳಲ್ಲಿ ಹತ್ತು ವರ್ಷಗಳಲ್ಲಿ 39 ಹೆರಿಗೆಗಳಾಗಿವೆ ಎಂಬುದು ಹೈಕೋರ್ಟಿನಲ್ಲಿ ಪೊಲೀಸರ ವಾದ. ಎಷ್ಟು ಹೆರಿಗೆಗಳಾದವು ಎಂಬುದರಿಂದ ಆರೈಕೆ ಹೇಗಿತ್ತೆಂದು ತಿಳಿಯುವ ಬಗೆ ಯಾವುದೋ! ಜೂನ್ 23ರಂದು ಮಾನವೀಯತೆಯ ನೆಲೆಯಲ್ಲಿ ಜಾಮೀನು ದೊರೆಯಿತು. ಇದು ಪೂರ್ವನಿದರ್ಶನವಾಗಬಾರದೆಂದು ಸರ್ಕಾರ ಕೋರಿತ್ತು.

ವಾಸ್ತವದಲ್ಲಿ ನಿದರ್ಶನ ಮೊದಲೇ ಇತ್ತು. ಗರ್ಭಿಣಿಯನ್ನು ಕಳುಹಿಸುವ ಮುನ್ನ ಆ ಸೆರೆಮನೆಯಲ್ಲಿ ಹೆರಿಗೆಗೂ, ಅದರ ಹಿಂದುಮುಂದಿನ ಆರೈಕೆಗೂ ಕನಿಷ್ಠ ಸೌಲಭ್ಯವಿದೆಯೆಂದು ಖಚಿತಪಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರಲ್ಲಿಯೇ ಹೇಳಿತ್ತು. ಸೆರೆಮನೆಗಳ ದಟ್ಟಣೆ ತಗ್ಗಿಸಲು ಅದೇ ನ್ಯಾಯಾಲಯ 2020ರ ಮಾರ್ಚ್ 23ರಂದು ಉದಾಹರಿಸಿದ ಮಾನದಂಡವಾದರೋ ಏಳು ವರ್ಷದವರೆಗಿನ ಶಿಕ್ಷೆ, ಬಸಿರಲ್ಲ.

ಇದನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನೆಲದಲ್ಲಿಟ್ಟು ನೋಡಬೇಕು. ಜಿಲ್ಲಾ ಕಾರಾಗೃಹ ಘಟ್ಟದ ಕೆಳಗೆ, ಕಾರವಾರದಲ್ಲಿ. ಹಳಿಯಾಳದವರ ಆಸ್ಪತ್ರೆ, ಸಂತೆ, ನಂಟಸ್ತಿಕೆಗಳೆಲ್ಲ ಧಾರವಾಡ-ಹುಬ್ಬಳ್ಳಿಯ ಕಡೆಗೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೆ ಬಸಿರಿಯ ತಿಂಗಳುಗಳ ಲೆಕ್ಕ, ರಕ್ತದ ಪ್ರಮಾಣ, ಚುಚ್ಚುಮದ್ದುಗಳ ವಿವರವಿರುವ ತಾಯಿ ಕಾರ್ಡು ಮನೆಯ ಗೂಡಿನಲ್ಲಿ ಉಳಿದಿರುತ್ತದೆ. ಅದನ್ನು ಬಲ್ಲ ಆಶಾ ಕಾರ್ಯಕರ್ತೆ ಊರಲ್ಲಿ. ಸಾಮಾನ್ಯ ದಿನಗಳಲ್ಲಿ ತಾಯಿಯೋ ಅತ್ತೆಯೋ ಬಸ್ಸು ಹತ್ತಿ ತಲುಪಿಸಿಯಾರು. ಲಾಕ್‌ಡೌನಿನಲ್ಲಿ ಬಸ್ಸೂ ಇಲ್ಲ, ಸಂದರ್ಶನವೂ ಇಲ್ಲ. ಕುಬುಸದ ಮಾತಂತೂ ದೂರ.

ಹೆಚ್ಚು ಗಮನಿಸಬೇಕಾದುದು ವಿಡಿಯೋ ವಿಚಾರಣೆ. ತೆರೆಯ ಮೇಲೆ ನ್ಯಾಯಾಧೀಶರಿಗೆ ಕಾಣುವುದು ಮುಖ ಮಾತ್ರ. ಐದು ತಿಂಗಳ ಬಸಿರನ್ನು ಯಾರಾದರೂ ಕೇಳಿದರಷ್ಟೇ ತಿಳಿದೀತು. ಆದುದರಿಂದ ಬಂಧನದ ದಿನದ ವೈದ್ಯಕೀಯ ತಪಾಸಣೆಯಲ್ಲಿಯೇ, ಆಕೆಯ ಒಪ್ಪಿಗೆ ಪಡೆದು, ಗರ್ಭದ ವಿಚಾರ ದಾಖಲಾಗಬೇಕು. ತಾಯಿ ಕಾರ್ಡಿನ ಪ್ರತಿ ರಿಮಾಂಡ್ ಅರ್ಜಿಯೊಡನೆ ಹೋಗಬೇಕು. ಇದಕ್ಕೆ ಹೊಸ ಕಾನೂನು ಬೇಡ. ಠಾಣೆಯಿಂದ ತಾಲೂಕು ಆಸ್ಪತ್ರೆಗೆ ಒಂದು ದೂರವಾಣಿ ಕರೆ ಸಾಕು.