ಪರೀಕ್ಷೆ ಪಾಸಾದರೆ ಸಾಲದು, ಅಜ್ಜಿಯನ್ನು ಕೇಳಲೂ ಕಲಿಸಬೇಕು

ಪುಣೆಯಲ್ಲಿ ನನ್ನ ಹತ್ತಿರ ಬರುವ ವಿಜಯಪುರ ಕಡೆಯ ಅಜ್ಜಿಯೊಬ್ಬರಿಗೆ ಹೃದಯದಲ್ಲಿ ಲೋಹದ ಕವಾಟ ಇದೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊಣಕಾಲು ನೋವೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರು. ನಾಲ್ಕೇ ದಿನಕ್ಕೆ ಮಲ ಕಪ್ಪಾಯಿತು. ನೋಡಿದರೆ ಹೊಟ್ಟೆಯೊಳಗೆ ರಕ್ತಸ್ರಾವ!

ಆಮೇಲೆ ಅಂಗಡಿಯ ಹುಡುಗನನ್ನು ಕೇಳಿದೆ. ವಾರ್ಫರಿನ್ ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ, ನೋವಿನ ಮಾತ್ರೆ ಜಠರದ ಒಳಪದರ ಕೆಡಿಸುತ್ತದೆ ಎಂದು ಎರಡನ್ನೂ ಸರಿಯಾಗಿ ಹೇಳಿದ. ಆದರೆ "ಅಜ್ಜಿ, ಬೇರೆ ಯಾವ ಮಾತ್ರೆ ತಗೋತೀರಿ?" ಎಂದು ಕೇಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್ ಡಿ ಕೋರ್ಸಿನಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್ ಇದೆ. ಒಳ್ಳೆಯದೇ. ಆದರೆ ರೋಗಿಯ ಮುಂದಿನ ಪಾಠ ಎಲ್ಲ ಫಾರ್ಮಸಿ ವಿದ್ಯಾರ್ಥಿಗಳಿಗೂ ಮೊದಲ ವರ್ಷದಿಂದಲೇ ಬೇಕು ಎಂಬುದು ನನ್ನ ಅಭಿಪ್ರಾಯ. ವಿಟಮಿನ್ ಕೆ ಪಾಠದ ದಿನವೇ ಕೈಯಲ್ಲಿ ಐಎನ್‌ಆರ್ ರಿಪೋರ್ಟ್, ಎದುರಿಗೆ ಅಜ್ಜಿ ಇರಬೇಕು. ಆಗ "ಸೊಪ್ಪು ಬಿಟ್ಟುಬಿಡಿ" ಎಂದು ಹೆದರಿಸುವುದಿಲ್ಲ. "ಮೆಂತ್ಯ, ಪಾಲಕ್ ತಿನ್ನಿ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ" ಎನ್ನುತ್ತಾರೆ.

ಅಲ್ಲಿಯವರೆಗೆ ನೀವೇ ಎಚ್ಚರವಾಗಿರಿ. ಪರಊರು, ಭಾಷೆ ಸರಿಯಾಗಿ ಬರದು ಎಂದು ಸಂಕೋಚ ಬೇಡ. ನಿಮ್ಮ ಎಲ್ಲ ಮಾತ್ರೆಗಳ ಹೆಸರಿನ ಚೀಟಿ ಜೇಬಿನಲ್ಲಿರಲಿ. ಹೊಸ ಮಾತ್ರೆ ಕೊಳ್ಳುವ ಮೊದಲು ಅದನ್ನು ತೋರಿಸಿ. ಮನೆಯಲ್ಲಿ ಫಾರ್ಮಸಿ ಓದುವ ಮಕ್ಕಳಿದ್ದರೆ ಇದನ್ನು ಅವರಿಗೂ ಓದಿಸಿ.