ಗಾಜು ಹೋದ ಕಾರು ಗುಜರಿಯಲ್ಲ

ಹಳೆಯ ಆಟಿಕೆ ಕಾರುಗಳ ಲೋಕದಲ್ಲೂ ಎರಡು ಜಾತಿ. ಡಬ್ಬಿಯಿಂದ ಆಚೆಗೇ ಬಾರದೆ ಕಪಾಟಿನಲ್ಲಿ ಕೂತವು ಮೇಲಿನವು. ಬಣ್ಣ ಕಿತ್ತು, ಕಿಟಕಿ ಒಡೆದು, ಮುಂಬೈನ ಚೋರ್ ಬಜಾರಿನಂಥ ಕಡೆ ರಾಶಿಯಲ್ಲಿ ಬಿದ್ದವು ಕೆಳಗಿನವು. ಎರಡನೆಯ ಜಾತಿಯವು ಮಾಡಿದ ತಪ್ಪು ಒಂದೇ: ಯಾವುದೋ ಮಗು ಅವುಗಳ ಜೊತೆ ಆಡಿತ್ತು. ಅಂಥ ಕಾರನ್ನು ಕೈಗೆತ್ತಿಕೊಂಡ ಸಂಗ್ರಾಹಕ ಮೊದಲು ಹೇಳುವ ಮಾತು, ‘ಒರಿಜಿನಲ್ ಗ್ಲಾಸ್ ಇಲ್ಲ, ಬಿಡಿ’. ನೀರಿನ ಬಾಟಲಿಯಿಂದ ಹೊಸ ಕಿಟಕಿ ಕತ್ತರಿಸಿ ಕೂರಿಸಿದ್ದರಂತೂ ಅವನ ಮುಖ ಇನ್ನಷ್ಟು ಹುಳ್ಳಗಾಗುತ್ತದೆ.

ಈ ‘ಒರಿಜಿನಲ್ ಗ್ಲಾಸ್’ ಎಂಬುದೇನು? 1956ರಲ್ಲಿ ಬ್ರಿಟನ್ನಿನ ಮೆಟಾಯ್ ಕಂಪನಿ ಕಾರ್ಗಿ ಕಾರುಗಳನ್ನು ಹೊರತಂದಾಗ ಅದರ ದೊಡ್ಡ ಹೆಗ್ಗಳಿಕೆಯೇ ಕಿಟಕಿ. ಪ್ರತಿಸ್ಪರ್ಧಿ ಡಿಂಕಿ ಕಾರುಗಳ ಕಿಟಕಿಗಳು ಆಗ ಬರೀ ತೂತು. ಕಾರ್ಗಿಯ ಕಿಟಕಿಯಲ್ಲಿ ಇದ್ದದ್ದು ಪಾರದರ್ಶಕ ಪ್ಲಾಸ್ಟಿಕ್. ಅಂದರೆ ಕಳೆದುಹೋಯಿತೆಂದು ಇವರು ಮರುಗುವ ಗಾಜು ಮೊದಲ ದಿನದಿಂದಲೂ ಗಾಜಾಗಿರಲಿಲ್ಲ. ಪ್ಲಾಸ್ಟಿಕ್ ಹೋದ ಜಾಗಕ್ಕೆ ಪ್ಲಾಸ್ಟಿಕ್ ಬಂದರೆ ಅಪಚಾರ ಯಾವುದು?

ಕಾರ್ಖಾನೆಯದ್ದೇ ಅಸಲಿ ಎಂಬ ವಾದವೂ ಗಟ್ಟಿಯಲ್ಲ. ಡಿಂಕಿಯ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಬಂದವು. ಅವುಗಳಲ್ಲಿ ಎರಕ ಹೊಯ್ದ ಕಾರುಗಳು ‘ನಿಕಿ’ ಎಂಬ ಹೆಸರಿನಲ್ಲಿ ಮಾರಾಟವಾದವು. ಇಂದು ಸಂಗ್ರಾಹಕರು ಅವನ್ನೂ ಹುಡುಕುತ್ತಾರೆ. ಇಡೀ ಕಾರು ಬೇರೆ ದೇಶದಲ್ಲಿ, ಬೇರೆ ಕೈಯಲ್ಲಿ ಹುಟ್ಟಿದರೆ ಅದು ಇತಿಹಾಸ. ಕಿಟಕಿಯೊಂದು ಮನೆಯಲ್ಲಿ ಹುಟ್ಟಿದರೆ ಅದು ಕಲಬೆರಕೆ. ಇದೆಂಥ ನ್ಯಾಯ?

ಸ್ವಲ್ಪ ಲೆಕ್ಕ ನೋಡೋಣ. 1:43 ಅಳತೆಯ ಮಾದರಿಯಲ್ಲಿ ಕಾರ್ಖಾನೆಯ ಕಿಟಕಿ ಒಂದು ಮಿಲಿಮೀಟರ್ ದಪ್ಪವಿದ್ದರೆ, ನಿಜವಾದ ಕಾರಿನಲ್ಲಿ ಅದು 43 ಮಿಲಿಮೀಟರ್ ಆಗುತ್ತದೆ. ಗುಂಡು ನಿರೋಧಕ ವಾಹನಕ್ಕೆ ಹಾಕುವಂಥ ದಪ್ಪ ಅದು. ಸಾಮಾನ್ಯ ಕಾರಿನ ಮುಂಗಾಜು ಸುಮಾರು 5 ಮಿಲಿಮೀಟರ್. ಬಾಟಲಿಯ ಗೋಡೆಯಿಂದ ಕತ್ತರಿಸಿದ ಕಾಲು ಮಿಲಿಮೀಟರ್ ಹಾಳೆ ಅದೇ ಲೆಕ್ಕದಲ್ಲಿ 11 ಮಿಲಿಮೀಟರ್ ಆದೀತು. ಅಳತೆಗೆ ನಿಷ್ಠೆ ಎಂದು ಬಾಯಿ ತುಂಬ ಹೇಳುವವರಿಗೆ ಯಾವುದು ಹೆಚ್ಚು ನಿಷ್ಠ?

ಈ ಕೆಲಸವನ್ನು ಹಗುರಾಗಿ ಕಾಣುವವರು ಒಮ್ಮೆ ಕೂತು ಮಾಡಿ ನೋಡಬೇಕು. ಚಪ್ಪಟೆ ಕಿಟಕಿ ಸುಲಭ: ಚೌಕಟ್ಟಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಪೆನ್ಸಿಲಿನಿಂದ ಉಜ್ಜಿ ಆಕಾರ ತೆಗೆದು, ಆ ಟೇಪನ್ನು ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಕತ್ತರಿಸಿದರೆ ಮುಗಿಯಿತು. ಹೊಸ ಆಟಿಕೆ ಬರುವ ಪಾರದರ್ಶಕ ಪ್ಯಾಕಿಂಗೇ ಇದಕ್ಕೆ ಸಾಕು. ಬಾಗಿದ ಮುಂಗಾಜು ಮಾತ್ರ ಬೆವರಿಳಿಸುತ್ತದೆ. ಒಡೆದ ಹಳೆಯ ಕಿಟಕಿಯಿದ್ದರೆ ಅದರ ಒಳಗೆ ಎಂ-ಸೀಲ್ ತುಂಬಿ, ಇಲ್ಲದಿದ್ದರೆ ಮರ ಕೆತ್ತಿ, ಮೊದಲು ಅಚ್ಚು ಮಾಡಬೇಕು. ಬಿಸಿನೀರು ಸುರಿದ ನೀರಿನ ಬಾಟಲಿ ಮುದುಡಿಕೊಳ್ಳುವುದನ್ನು ನೋಡದವರಿಲ್ಲ. ಕಾರ್ಖಾನೆಯಲ್ಲಿ ಹಿಗ್ಗಿಸಿ ಊದಿದ ಆ ಗೋಡೆ, ಕಾವು ತಗುಲಿದಾಗ ಮೊದಲಿನ ಗಾತ್ರಕ್ಕೆ ಮರಳಲು ಎಳೆಯುತ್ತದೆ. ಅಡಿ ಕತ್ತರಿಸಿದ ಬಾಟಲಿಯೊಳಗೆ ಅಚ್ಚನ್ನಿಟ್ಟು ಹೊರಗಿನಿಂದ ಹೀಟ್ ಗನ್ ಹಿಡಿದರೆ, ಪ್ಲಾಸ್ಟಿಕ್ ತಾನಾಗಿ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಕಾವು ಹೆಚ್ಚಾದರೆ ಬೆಳ್ಳಗಾಗುತ್ತದೆ, ಕಡಿಮೆಯಾದರೆ ಸುಕ್ಕು. ಎರಡು-ಮೂರು ಬಾಟಲಿ ಹಾಳಾದ ಮೇಲೆ ಕೈ ಕುದುರುತ್ತದೆ.

ಪ್ಲಾಸ್ಟಿಕ್ಕಿನ ಗುರುತೂ ಗೊತ್ತಿರಬೇಕು. ಬಾಟಲಿಯ ಅಡಿಯ ತ್ರಿಕೋನದಲ್ಲಿ 1 ಇದ್ದರೆ ಪೆಟ್, 3 ಇದ್ದರೆ ಪಿವಿಸಿ. ಪಿವಿಸಿ ಅತಿಯಾಗಿ ಕಾದರೆ ವಿಷದ ಹೊಗೆ ಬಿಡುತ್ತದೆ. ಅದನ್ನು ಕತ್ತರಿಗೆ ಬಿಟ್ಟು ಬೆಂಕಿಯಿಂದ ದೂರವಿಡಬೇಕು. ಅಂಟಿನಲ್ಲೂ ವಿವೇಕ ಬೇಕು. ಫೆವಿಕ್ವಿಕ್ ತರಹದ ಅಂಟಿನ ಆವಿ ಕಿಟಕಿಯ ಮೇಲೆ ಬಿಳಿ ಮಂಜಿನಂತೆ ಕೂತುಬಿಡುತ್ತದೆ. ಒಣಗಿದ ಮೇಲೆ ಕಣ್ಣಿಗೆ ಕಾಣದಂತಾಗುವ ಫೆವಿಕಾಲಿನಂಥ ಬಿಳಿ ಅಂಟು ಅಂಚಿಗೆ ಒಂದು ಚುಕ್ಕೆ ಸಾಕು.

ಇಷ್ಟೆಲ್ಲ ತಿಳಿವಳಿಕೆಗೆ ದೆಹಲಿ, ಮುಂಬೈಗಳಲ್ಲಿ ಸಿಗುವ ಬಿರುದು ‘ಜುಗಾಡ್’. ನಮ್ಮ ಶಾಲೆಗಳ ಬಿರುದು ‘ಕಸದಿಂದ ರಸ’. ಎರಡೂ ಬೆನ್ನು ತಟ್ಟುತ್ತಲೇ ತಲೆ ಮೊಟಕುವ ಮಾತುಗಳು. ಜುಗಾಡ್ ಎಂದರೆ ಹೇಗೋ ಸುಧಾರಿಸಿದ್ದು. ಸರಿಯಾದದ್ದು ಸಿಕ್ಕರೆ ಬಿಸಾಡುವಂಥದ್ದು. ‘ಕಸದಿಂದ ರಸ’ದಲ್ಲಂತೂ ಮೊದಲ ಮಾತೇ ಕಸ. ಅಳತೆ, ಕಾವು, ಅಂಟು ಮೂರನ್ನೂ ಅರಿತು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಹಳೆಯ, ನೇರವಾದ ಹೆಸರಿದೆ: ಕಸುಬು. ಅದನ್ನೇ ಬಳಸಿದರಾಯಿತು.

ಸಂಗ್ರಾಹಕರ ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಬದಲಿ ಕಿಟಕಿ ಹಾಕಿದ ಕಾರನ್ನು ಅಸಲಿ ಎಂದು ಮಾರುವುದು ಮೋಸ. ಮಾರುವವರು ಹಾಗೆಂದು ಹೇಳಿಯೇ ಮಾರಬೇಕು. ತೀರಾ ಅಪರೂಪದ ಕಾರಿದ್ದರೆ ಅದರ ಒಡಕನ್ನು ಹಾಗೆಯೇ ಉಳಿಸುವುದೂ ಸರಿ. ಆದರೆ ಇದು ಮಾರಾಟದ ನೀತಿ, ದುರಸ್ತಿಯ ಮೇಲಿನ ತೀರ್ಪಲ್ಲ. ಅಟ್ಟದ ಡಬ್ಬಿಗಳಲ್ಲಿರುವ ಬಹುಪಾಲು ಕಾರುಗಳು ಮಾರಾಟಕ್ಕಿಲ್ಲ. ಅಪ್ಪನೋ ಅಣ್ಣನೋ ಆಡಿ ಬಿಟ್ಟವು ಅವು. ಅವುಗಳಿಗೆ ಬೆಲೆ ಕಟ್ಟಲು ಸಂಗ್ರಾಹಕನನ್ನು ಯಾರೂ ಕರೆದಿಲ್ಲ.

ಅಂಥ ಕಾರಿಗೆ ಇಂದು ಸಂಜೆ ಖಾಲಿಯಾದ ಬಾಟಲಿಯಿಂದ ಕಿಟಕಿ ಬಂದರೆ, ನಾಳೆ ಅದು ಮತ್ತೆ ನೆಲದ ಮೇಲೆ ಓಡುತ್ತದೆ. ಮತ್ತೆ ಒಡೆದರೆ ಇನ್ನೊಂದು ಬಾಟಲಿ ಇದ್ದೇ ಇರುತ್ತದೆ.